ಮನೆಯ ಮಾಲೀಕರು ಹೆಣ್ಣು ಕೇಳಲು ಬರಬೇಕೆಂಬ ಬಗ್ಗೆ

ಇಂದ:
ಜುಹೈರ್ ನವಾಯ್ಸೆ, ವಯಸ್ಸು ಮೂವತ್ತೆಂಟು, ಕಸುಬು ಫ್ರಿಜ್ ರಿಪೇರಿ, ತಮ್ಮ ಮನೆಯ ಬಾಡಿಗೆದಾರ, ಮೂರನೇ ಮಹಡಿ, ಇರ್ಬಿದ್, ಜೋರ್ಡಾನ್.
(ಬರೆದುಕೊಟ್ಟವನು: ಹಿಜಾಜಿ, ಕೋರ್ಟಿನ ಎದುರು ಕೊಡೆಯ ಕೆಳಗೆ ಕೂರುವ ಅರ್ಜಿ ಬರಹಗಾರ)

ಗೆ:
ಮ್ಯಾನೇಜರ್ ಸಾಹೇಬರು, ಬಡ್ಡಿರಹಿತ ಬ್ಯಾಂಕು, ಇರ್ಬಿದ್ ಶಾಖೆ. ಸದರಿ ಮನೆಯ ಮಾಲೀಕರು.

ವಿಷಯ: ಬರುವ ಶುಕ್ರವಾರ ಮಾಲೀಕರು ಖುದ್ದಾಗಿ ಬಂದು ಒಂದು ಬಟ್ಟಲು ಕಾಫಿ ಕುಡಿದುಕೊಡುವ ಬಗ್ಗೆ.

ಉಲ್ಲೇಖ: 1. ‘ಬಾಡಿಗೆಯಿಂದ ಒಡೆತನ’ ಕರಾರು, ಕಲಂ 9 ಮತ್ತು 14.
2. ತಮ್ಮ ಗುಮಾಸ್ತರ ಮೌಖಿಕ ಉತ್ತರ: “ಏನ್ರೀ, ತಮಾಷೆ ಮಾಡ್ತಿದ್ದೀರಾ?”

ಮಾನ್ಯರೇ,

ಉಲ್ಲೇಖ 2ಕ್ಕೆ ಉತ್ತರವಾಗಿ, ತಮಾಷೆ ಅಲ್ಲ ಎಂಬುದನ್ನು ಮೊದಲೇ ತಮ್ಮ ಅವಗಾಹನೆಗೆ ತರಲಾಗಿದೆ. ಸದರಿ ಅರ್ಜಿದಾರನಿಗೆ ತಮಾಷೆ ಮಾಡಲು ಬರುವುದಿಲ್ಲ. ಬಂದಿದ್ದರೆ ಇಷ್ಟು ಹೊತ್ತಿಗೆ ಅವನ ಮದುವೆ ಆಗಿರುತ್ತಿತ್ತು.

1. ನಾಲ್ಕು ವರ್ಷದ ಹಿಂದೆ ಅರ್ಜಿದಾರನು ಮನೆ ಬೇಕೆಂದು ತಮ್ಮಲ್ಲಿಗೆ ಬಂದನು. ಬಡ್ಡಿ ನಿಷಿದ್ಧವಾದ ಕಾರಣ ತಾವು ಸಾಲ ಕೊಡಲಿಲ್ಲ. ಬದಲಿಗೆ ಮನೆಯನ್ನು ತಾವೇ ಕೊಂಡು, ಅವನಿಗೆ ಹದಿನೈದು ವರ್ಷಕ್ಕೆ ಬಾಡಿಗೆಗೆ ಕೊಟ್ಟಿರಿ. ಬಾಡಿಗೆ ಮುಗಿದ ದಿನ ಮನೆಯನ್ನು ಅವನ ಹೆಸರಿಗೆ ಮಾಡಿಕೊಡುವುದಾಗಿ ಬೇರೊಂದು ಕಾಗದದಲ್ಲಿ ಮಾತು ಕೊಟ್ಟಿರಿ. ಅಲ್ಲಿಯವರೆಗೆ ಮಾಲೀಕರು ತಾವು. ಇದರಲ್ಲಿ ತಕರಾರಿಲ್ಲ.

2. ಹೀಗಿರುವಲ್ಲಿ, ಅರ್ಜಿದಾರನು ರಬಾಬ್ ಎಂಬ ಔಷಧಿ ಅಂಗಡಿಯಾಕೆಯ ಇನ್ಸುಲಿನ್ ಫ್ರಿಜ್ಜನ್ನು ರಿಪೇರಿ ಮಾಡಲು ಹೋದನು. ಒಂದೇ ಸಲ ಕೆಟ್ಟಿದ್ದ ಫ್ರಿಜ್ಜನ್ನು ಮೂರು ಸಲ ರಿಪೇರಿ ಮಾಡಿದನು. ಮೂರನೇ ಸಲ ಆಕೆ, “ನೀವು ಇನ್ನೊಂದ್ಸಲ ಬಂದ್ರೆ ಆ ಫ್ರಿಜ್ಜೇ ನಿಮ್ಮನ್ನ ಕಟ್ಕೊಳ್ಳುತ್ತೆ. ಹೋಗಿ, ನಮ್ಮಪ್ಪನ್ನ ಕೇಳಿ,” ಎಂದಳು.

3. ಅದರಂತೆ ಹನ್ನೊಂದು ಜನ ಹಿರಿಯರು ಹೆಣ್ಣು ಕೇಳಲು ಹೋದರು. ಅರ್ಜಿದಾರನ ದೊಡ್ಡಪ್ಪನವರು ಪದ್ಧತಿಯಂತೆ ಕಾಫಿ ಬಟ್ಟಲನ್ನು ಕುಡಿಯದೆ ಮುಂದಿಟ್ಟು, “ನಮ್ಮ ಮಾತು ನಡೆಸಿಕೊಡೋ ತನಕ ಇದನ್ನ ಮುಟ್ಟಲ್ಲ,” ಎಂದರು. ಹುಡುಗಿಯ ತಂದೆ ಅಬೂ ಲಬೀಬರು “ಕುಡೀರಿ” ಅನ್ನಬೇಕು, ಕಥೆ ಮುಗಿಯಬೇಕು. ಎಲ್ಲ ಮನೆಯಲ್ಲೂ ನಡೆಯುವುದು ಇಷ್ಟೇ. ಆದರೆ ಅಬೂ ಲಬೀಬರು ಕೋರ್ಟಿನ ನಿವೃತ್ತ ಗುಮಾಸ್ತರು.

“ಮನೆ ಯಾರದಪ್ಪಾ?” ಎಂದು ಕೇಳಿದರು.

“ಬ್ಯಾಂಕಿಂದು,” ಎಂದನು ಅರ್ಜಿದಾರ. ಈ ಅರ್ಜಿ ಬರೆಯುವವನು ಅಲ್ಲಿದ್ದಿದ್ದರೆ ಅವನ ಬಾಯಿಗೆ ಒಂದು ಖರ್ಜೂರ ತುರುಕುತ್ತಿದ್ದನು.

“ಎಲ್ಲಿ, ಕರಾರು ತೋರಿಸು.”

ಅವನ ಮೊಬೈಲಿನಲ್ಲಿದ್ದ ಕರಾರನ್ನು ಅವರು ನಲವತ್ತು ನಿಮಿಷ ಓದಿದರು. ಕಲಂ 14 ಸಿಕ್ಕಿತು: ಮಾಲೀಕರ ಒಪ್ಪಿಗೆಯಿಲ್ಲದೆ ಬೇರೆ ಯಾರನ್ನೂ ಸದರಿ ಮನೆಯಲ್ಲಿ ಕಾಯಂ ಇರಿಸಿಕೊಳ್ಳತಕ್ಕದ್ದಲ್ಲ.

“ನನ್ನ ಮಗಳು ಅಲ್ಲಿ ಕಾಯಂ ಇರೋಳು ತಾನೇ? ಹಾಗಾದ್ರೆ ಮಾಲೀಕರು ಎಲ್ಲಿ? ಅವರು ಬಂದು ಬಟ್ಟಲು ಮುಂದಿಡಲಿ, ಆಮೇಲೆ ಮಾತಾಡೋಣ.”

ಕಾಫಿ ತಣ್ಣಗಾಯಿತು. ಹನ್ನೊಂದು ಜನ ಬಾಯಿ ಒಣಗಿಸಿಕೊಂಡು ಮನೆಗೆ ಹೋದರು. ದೊಡ್ಡಪ್ಪನವರು ಅಂದಿನಿಂದ ಅರ್ಜಿದಾರನೊಡನೆ ಮಾತು ಬಿಟ್ಟಿದ್ದಾರೆ.

4. ಕಾರಣ, ಅರ್ಜಿದಾರನು ತಮ್ಮ ಶಾಖೆಗೆ ಬಂದು ವಿಚಾರಿಸಲಾಗಿ, ಗುಮಾಸ್ತರು, “ಅಯ್ಯೋ, ನಾವು ಮಾಲೀಕರು ಅಂದ್ರೆ ಕಾಗದದ ಮೇಲೆ ಅಷ್ಟೇ ಕಣ್ರೀ,” ಎಂದರು. ನಮ್ಮ ಅರ್ಜಿದಾರ ಮಹಾನುಭಾವನು ಆ ಮಾತನ್ನು ಇದ್ದದ್ದು ಇದ್ದಂತೆ ಅಬೂ ಲಬೀಬರಿಗೆ ಮುಟ್ಟಿಸಿದನು.

“ಕಾಗದದ ಮೇಲೆ ಅಷ್ಟೇನಾ? ಹಾಗಿದ್ರೆ ಅವರು ತಗೊಳ್ತಿರೋದು ಬಾಡಿಗೆ ಅಲ್ಲ, ಬಡ್ಡಿ. ಬಡ್ಡಿ ಮನೆಗೆ ನಾನು ಹೆಣ್ಣು ಕೊಡಲ್ಲ.”

ಅರ್ಜಿದಾರನು ಮತ್ತೆ ಶಾಖೆಗೆ ಬಂದಾಗ ತಮ್ಮ ಗುಮಾಸ್ತರು ಕಲಂ 9 ತೋರಿಸಿದರು. ಅದರ ಪ್ರಕಾರ ರಿಪೇರಿ ಮಾಲೀಕರದು. ಆದರೆ ಮಾಲೀಕರ ಪರವಾಗಿ ಅದನ್ನು ಮಾಡಿಸುವ ಪ್ರತಿನಿಧಿ ಬಾಡಿಗೆದಾರನೇ. ಹೋದ ವರ್ಷ ತಾರಸಿ ಸೋರಿದಾಗ ಅವನು ತಮ್ಮ ಪರವಾಗಿ ಏಣಿ ಹತ್ತಿದ್ದುಂಟು. “ಹಾಗೇ ಇದೂ. ನಮ್ಮ ಪರವಾಗಿ ನೀವೇ ಕಾಫಿ ಕುಡಿದುಬಿಡಿ,” ಎಂದರು. ಮಾನ್ಯರೇ, ತಾರಸಿ ಬೇರೆ, ಮದುವೆ ಬೇರೆ. ಮದುಮಗ ತನಗೆ ತಾನೇ ಹೆಣ್ಣು ಕೇಳಿಕೊಳ್ಳುವುದು ನಮ್ಮ ಕಡೆ ಎಲ್ಲೂ ಇಲ್ಲ.

5. ಅಬೂ ಲಬೀಬರದು ಬರೀ ತಲೆಹರಟೆ ಎಂದು ಈ ಬರಹಗಾರನೂ ತಿಳಿದಿದ್ದನು. ಆದರೆ ಔಷಧಿ ಅಂಗಡಿಯಲ್ಲಿ ರಬಾಬ್ ಅರ್ಜಿದಾರನಿಗೆ ಹೇಳಿದ ಮಾತು ದಾಖಲಾಗಬೇಕು: “ನಮ್ಮಪ್ಪನ ಮೇಲೆ ಸಿಟ್ಟು ಮಾಡ್ಕೋಬೇಡಿ. ಮೂವತ್ತೊಂದು ವರ್ಷ ಮನೆ ಖಾಲಿ ಮಾಡಿಸೋ ಆದೇಶಗಳನ್ನ ಅವರೇ ಕೈಯಾರೆ ಬರ್ದಿದ್ದಾರೆ. ಗ್ಯಾಸ್ ಒಲೆ ಪಕ್ಕದಲ್ಲಿಟ್ಕೊಂಡು ಬೀದೀಲಿ ಕೂತಿದ್ದ ಹೆಂಗಸರನ್ನ ನೋಡ್ಕೊಂಡೇ ಮನೆಗೆ ಬರ್ತಿದ್ರು. ಅಂಥ ದಿನ ಊಟ ಮಾಡ್ತಿರಲಿಲ್ಲ. ಅವರಿಗೆ ಭಯ, ಅಷ್ಟೇ.”

ಇದನ್ನು ಕೇಳಿ ಅರ್ಜಿದಾರನು ಅತ್ತನು. ಬರೆಸುವಾಗ ಮತ್ತೆ ಅತ್ತ ಕಾರಣ ಮೊದಲ ಪ್ರತಿ ಒದ್ದೆಯಾಗಿ, ಇದು ಎರಡನೆಯ ಪ್ರತಿ.

6. ಆದ್ದರಿಂದ ತಾವು ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಅಬೂ ಲಬೀಬರ ಮನೆಗೆ ಬರತಕ್ಕದ್ದು. ಬಟ್ಟಲನ್ನು ಮುಂದಿಟ್ಟು, “ಮನೆ ನಮ್ಮದು, ಹುಡುಗ ನಮ್ಮ ಬಾಡಿಗೆದಾರ, ನಿಮ್ಮ ಮಗಳು ಅಲ್ಲಿ ಬಾಳೋದಕ್ಕೆ ನಮ್ಮ ಒಪ್ಪಿಗೆ ಇದೆ,” ಎನ್ನತಕ್ಕದ್ದು. ‘ಶಾಖೆಯ ನಿಯಮದ ಪ್ರಕಾರ’ ಎಂಬ ಮಾತನ್ನು ದಯವಿಟ್ಟು ಎಲ್ಲೂ ಆಡಬಾರದು. ಕಾಫಿ ಕಹಿ, ಸಕ್ಕರೆ ಕೇಳಬಾರದು. ಸಾಕೆನಿಸಿದಾಗ ಬಟ್ಟಲನ್ನು ಅಲ್ಲಾಡಿಸಬೇಕು. ಇಲ್ಲವಾದರೆ ಸುರಿಯುತ್ತಲೇ ಇರುತ್ತಾರೆ.

7. ಬರಲು ಆಗದಿದ್ದಲ್ಲಿ, ತಾವು ಮಾಲೀಕರಲ್ಲವೆಂದು ಬರೆದುಕೊಡತಕ್ಕದ್ದು. ಆಗ ಈ ನಾಲ್ಕು ವರ್ಷದ ಬಾಡಿಗೆ ಯಾವುದಕ್ಕೆ ಎಂಬುದನ್ನು ತಮ್ಮ ಬ್ಯಾಂಕಿನ ಧರ್ಮ ಪಂಡಿತರ ಮಂಡಳಿಯೇ ತೀರ್ಮಾನಿಸಲಿ. ಇದು ಬೆದರಿಕೆಯಲ್ಲವೆಂದು ಬರೆಯಲು ಅರ್ಜಿದಾರನು ತಿಳಿಸಿದ್ದಾನೆ. ಬರಹಗಾರನ ಅಭಿಪ್ರಾಯದಲ್ಲಿ ಬೆದರಿಕೆಯೇ.

ಬಾಡಿಗೆ ಕಟ್ಟುವುದನ್ನು ಒಂದು ತಿಂಗಳೂ, ಔಷಧಿ ಅಂಗಡಿಗೆ ಹೋಗುವುದನ್ನು ಒಂದು ದಿನವೂ ತಪ್ಪಿಸದ,

ತಮ್ಮ ವಿಶ್ವಾಸಿ ಬಾಡಿಗೆದಾರ,
ಜುಹೈರ್ ನವಾಯ್ಸೆ

ಲಗತ್ತುಗಳು:
ಅ) ಕರಾರಿನ ನಕಲು. ಆಮೇಲೆ ಇದನ್ನು ತರಿಸಿಕೊಂಡು ಕಲಂ 14ರ ಕೆಳಗೆ ಗೆರೆ ಎಳೆದವರು ಅಬೂ ಲಬೀಬರು.
ಆ) ಹನ್ನೊಂದು ಜನ ಹಿರಿಯರ ಪಟ್ಟಿ. ದೊಡ್ಡಪ್ಪನವರ ಹೆಸರು ಪೆನ್ಸಿಲಿನಲ್ಲಿದೆ. ಬರುವುದು ಇನ್ನೂ ಖಾತ್ರಿಯಿಲ್ಲ.
ಇ) ಅರ್ಜಿ ಮುಗಿಯುವ ಹೊತ್ತಿಗೆ ರಬಾಬ್ ತಂದುಕೊಟ್ಟ ಒಂದು ಹಾಳೆ. ಅದರ ಒಕ್ಕಣೆ ಹೀಗಿದೆ:

“ಮದುವೆಯ ದಿನದಿಂದ ಬಾಡಿಗೆದಾರನ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನೂ ಸೇರಿಸಿ. ಮುಂದೆ ಎಂದಾದರೂ ಮನೆ ಖಾಲಿ ಮಾಡಿಸುವ ನೋಟಿಸು ಕಳಿಸುವುದಾದರೆ ಇಬ್ಬರ ಹೆಸರಿಗೂ ಕಳಿಸಿ. ಬೀದಿಯಲ್ಲಿ ಕೂರುವುದಾದರೆ ಅವರ ಜೊತೆಯಲ್ಲೇ ಕೂರುತ್ತೇನೆ.”

ಸಾಕ್ಷಿಯ ಜಾಗದಲ್ಲಿ ಆಕೆಯ ತಂದೆಯವರ ಸಹಿ ಇದೆ. ಕೋರ್ಟಿನ ಕಾಗದಕ್ಕೆ ಹಾಕುವಂಥ ಪೂರ್ತಿ ಸಹಿ. ಆದ ಕಾರಣ ಮಾಲೀಕರು ತಡಮಾಡದೆ ಬರಬೇಕಾಗಿ ವಿನಂತಿ.