ಭಯ ಬಿಟ್ಟವನ ಅರ್ಜಿ

ಇಲಿಬೋನಿನ ಜಾಲರಿ ಉಜ್ಜುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಯಂತ್ರ 'ಪೀಂ' ಎಂದಿತು. ಬೋನು ತೊಳೆಯುವವನ ಕೈ ಬ್ರಶ್ಶಿನ ಸಮೇತ ಸೆಟೆದು ನಿಂತಿತು. ಕಾಲು ತಗುಲಿ ಬಕೆಟ್ಟು ಉರುಳಿತು. ಬಾಗಿಲಲ್ಲಿದ್ದ ಟಪಾಲು ಗುಮಾಸ್ತೆಯ ಚಪ್ಪಲಿ ದೋಣಿಯಂತೆ ತೇಲಿತು.

"ಮತ್ತೆ ಶುರುವಾಯ್ತಾ ಅಣ್ಣ?" ಎಂದಳು ಆಕೆ. ಬೈದೂ ಬೈದೂ ಸಾಕಾದ ದನಿ.

ಅದು ಭಯವನ್ನು ಪರೀಕ್ಷಿಸುವ ಪ್ರಯೋಗಾಲಯ. ಪೀಂ ಎಂದೊಡನೆ ಜಾಲರಿಗೆ ಸಣ್ಣ ಕರೆಂಟು. ಎರಡು ಸಲಕ್ಕೆ ಇಲಿ ಪಾಠ ಕಲಿತು, ಆಮೇಲೆ ಬರೀ ಪೀಂ ಕೇಳಿದರೂ ಕಲ್ಲಾಗುತ್ತದೆ. ಎಂಟು ತಿಂಗಳ ಹಿಂದೆ ಯಾರೋ ನೋಡದೆ ಗುಂಡಿ ಒತ್ತಿದಾಗ ಜಾಲರಿಯ ಮೇಲೆ ಇವನ ಒದ್ದೆ ಕೈ ಇತ್ತು. ಇವನು ಒಂದೇ ಸಲಕ್ಕೆ ಕಲಿತ.

ಅಂದೇ ತೋಟದ ವಿಭಾಗಕ್ಕೆ ವರ್ಗ ಕೇಳಿ ಅರ್ಜಿ ಬರೆದ. ಮೊಣಕಾಲು ಸೋತಿತ್ತು, ಇಲಿ ವಾಸನೆ ಸಾಕಾಗಿತ್ತು; ನಿವೃತ್ತಿಗೆ ಉಳಿದ ನಾಲ್ಕು ವರ್ಷ ಗಿಡಗಳ ನಡುವೆ ಕಳೆದರೆ ಸಾಕಿತ್ತು. ಮೊಣಕಾಲಿನ ಗೋಳು ಯಾರು ಕೇಳುತ್ತಾರೆಂದು ಭಯವೊಂದನ್ನೇ ಕಾರಣ ಮಾಡಿದ. ಆದರೆ ವಿಜ್ಞಾನಿ ಮೇಡಂ ಸಹಿ ಬೇಕು, ಪೀಂ ಯಂತ್ರ ಇರುವುದು ಅವರ ಮೇಜಿನ ಮೇಲೆಯೇ. ಅರ್ಜಿ ಜೇಬಿನಲ್ಲೇ ಮೆತ್ತಗಾಯಿತು.

"ಇವತ್ತು ಕೊಟ್ಟೇ ಬಿಡಿ ಬನ್ನಿ," ಎಂದು ಗುಮಾಸ್ತೆ ಮೊಣಕೈ ಹಿಡಿದಳು. ಕಾವಲುಗಾರ ಬೆನ್ನಿಗೆ ಕೈ ಕೊಟ್ಟ. "ನಡಿಯೋ, ಇಲಿಗಳೇ ದಿನಾ ಹೋಗಿ ಬರ್ತವೆ, ನಿಂಗೇನು ರೋಗ." ಬೀರು ಸಾಗಿಸುವವರಂತೆ ಇಬ್ಬರೂ ಇವನನ್ನು ಮೇಡಂ ಕೋಣೆಯೊಳಗೆ ದಬ್ಬಿದರು.

ಆಗಲೇ ಪೀಂ. ಇವನು ಹೊಸ್ತಿಲಲ್ಲೇ ಕಂಬವಾದ.

ಮೇಡಂ ಕಣ್ಣು ಅರಳಿತು. "ತಲೆಯೊಳಗೆ ಬಾದಾಮಿಯಂಥ ಗಂಟೊಂದಿದೆ, ಅಮಿಗ್ಡಲಾ ಅಂತ. ನಿಮಗೆ ಅಲ್ಲಿ ಸದ್ದಿನ ನರಕ್ಕೂ ನೋವಿನ ನರಕ್ಕೂ ನಂಟು ಬಿದ್ದಿದೆ, ಅಷ್ಟೇ. ಕೂತ್ಕೊಳ್ಳಿ. ಕರೆಂಟಿಲ್ಲದೆ ಬರೀ ಪೀಂ ಕೇಳಿಸ್ತೀನಿ. ಏನೂ ಆಗಲ್ಲ ಅಂತ ಅದೂ ಕಲೀಲಿ."

ಹತ್ತನೇ ಪೀಂಗೆ ಬೆವರು. ಮೂವತ್ತಕ್ಕೆ ಬರೀ ರೆಪ್ಪೆ ಬಡಿಯಿತು. ಊಟ ಬಿಟ್ಟು ಎಣಿಸುತ್ತಿದ್ದ ಕಾವಲುಗಾರ "ಅರವತ್ತು" ಎನ್ನುವಾಗ ಇವನು ಆಕಳಿಸಿದ.

ಜೇಬಿನಿಂದ ಅರ್ಜಿ ತೆಗೆದು ಕೊಟ್ಟ. ಮೇಡಂ ಓದಿದರು.

"ಭಯದ ಕಾರಣ ವರ್ಗ ಬೇಕು ಅಂತಿದೆ. ಈಗ ಭಯ ಇದ್ಯಾ?"

"ಚೂರೂ ಇಲ್ಲ ಮೇಡಂ," ಎಂದ ಹೆಮ್ಮೆಯಿಂದ. ಅಂದ ಮೇಲೆ ಹೊಳೆಯಿತು. "ಮೇಡಂ, ಮೊಣಕಾಲು..."

"ಅದು ಇದರಲ್ಲಿ ಇಲ್ವಲ್ಲ," ಎಂದು ಮೇಡಂ ಅಡಿಯಲ್ಲಿ ಬರೆದರು: 'ಕಾರಣ ನಿವಾರಣೆಯಾಗಿದೆ. ನಿವೃತ್ತಿಯವರೆಗೂ ಇವರು ಇಲ್ಲೇ ಇರಲಿ.'

"ಅಂತೂ ಇವತ್ತು ಅರ್ಜಿ ಹೋಯ್ತಲ್ಲ ಅಣ್ಣ," ಎನ್ನುತ್ತ ಗುಮಾಸ್ತೆ ಲಕೋಟೆ ಅಂಟಿಸಿ, ಮೊಹರು ಒತ್ತಿ, ಠಪ್, ಟಪಾಲು ಚೀಲಕ್ಕೆ ಹಾಕಿ ಕಳಿಸಿದಳು. ಮುಂದಿನ ಲಕೋಟೆಗೂ ಒತ್ತಿದಳು, ಠಪ್.

ಬೋನು ತೊಳೆಯುವವನ ಕೈ ಸೆಟೆದು ನಿಂತಿತು.