ಮಡಿ ಕೆಟ್ಟ ಇನ್ಸುಲಿನ್

ನಗೋ ಅಂಥಾದ್ದು ಹುಡುಕ್ಕೊಂಡು ನಾವೇನು ಹೋಗಂಗಿಲ್ಲ, ಅದ ನಮ್ಮ ದೇವದುರ್ಗದ ಮನಿ ಕದಾ ಬಡೀತದ. ಈ ಸಲ ಬಂದದ್ದು ನನ್ನ ಶುಗರಿನ ಸಂಗಾಟ. ಬಲಗಣ್ಣಿಗೆ ಪೊರಿ ಬಂದಿತ್ತು. ಅಕ್ಕಿಯೊಳಗಿನ ಹಳ್ಳು ಕಾಣಂಗಿಲ್ಲ, ಎದುರಿಗೆ ಬಂದವರು ನಗಾಕತ್ತಾರೋ ಸಿಟ್ಟಾಗ್ಯಾರೋ ತಿಳಿಯಂಗಿಲ್ಲ. ಶುಗರ್ ಇಳಿದ್ರ ಆಪರೇಷನ್, ಇಳೀದಿದ್ರ ಇಲ್ಲ ಅಂತ ರಾಯಚೂರಿನ ಡಾಕ್ಟರು ಖಡಾಖಂಡಿತ ಹೇಳಿ ಇನ್ಸುಲಿನ್ ಬರಕೊಟ್ರು. ದಿನಾ ಎರಡು ಸಲ ಚುಚ್ಚಿಗೊಂಡ್ರೂ ಶುಗರ್ ಮಾತ್ರ ಇಳೀವಲ್ದು.

ತಂಪು

ಸೀಸೆ ತಂಪಿನಾಗ ಇಡ್ರಿ ಅಂದಿದ್ರು ಡಾಕ್ಟರು. ಫ್ರಿಜ್ಜಿನಾಗ ಎಲ್ಲಾಕಿಂತ ತಂಪು ಅಂದ್ರ ಮ್ಯಾಲಿನ ಬರ್ಫಿನ ಖಾನಿ. ಅಲ್ಲೇ ಇಟ್ಟೆ. ಔಷಧ ಕಲ್ಲಾತು. ದಿನಾ ಬಿಸಿಲಿಗೆ ಹಿಡಿದು ಕರಗಿಸಿ ಚುಚ್ಚಿಗೊಂಡೆ.

ರಾಯಚೂರಿನಾಗ ಎಂ.ಎಸ್ಸಿ. ಓದೋ ಮೊಮ್ಮಗಳು ಐತವಾರ ಬಂದಾಕಿ ಅದನ್ನ ನೋಡಿ ಹಣಿ ಬಡಕೊಂಡ್ಲು. ಪ್ರೋಟೀನು ಹೆಂಗ ಗಟ್ಟಿ ನಿಲ್ತದ, ಹೆಂಗ ಕೆಡ್ತದ ಅನ್ನೋದ ಆಕಿ ಓದು. ಇನ್ಸುಲಿನ್ನೂ ಪ್ರೋಟೀನ ಅಂತ. ದಾರದಂಗ ಉದ್ದ ಇದ್ದು, ಒಂದು ರೀತಿಲೆ ಮಡಚಿಗೊಂಡು ಕೂತಿರ್ತದಂತ. ಆ ಆಕಾರ ಇದ್ರಷ್ಟ ಕೆಲಸ ಮಾಡ್ತದ, ಕಾವು ತಾಗಿದ್ರೂ ಬರ್ಫ ಆದ್ರೂ ಬಿಚ್ಚಿ ಸಿಕ್ಕು ಸಿಕ್ಕಾಗ್ತದ ಅಂದ್ಲು. ಬೇಯಿಸಿದ ತತ್ತಿ ತೋರಿಸಿ, ಇದನ್ನ ತಿರುಗಿ ಹಸಿ ಮಾಡು ನೋಡಮು ಅಂದ್ಲು.

ನನಗ ಬ್ಯಾರೇದ ತಿಳೀಬೇಕಿತ್ತು. ಅಷ್ಟು ಸಣ್ಣದನ್ನ ಮಡಚೋರು ಯಾರು ಅಂತ ಕೇಳಿದೆ. ಯಾರೂ ಇಲ್ಲ, ತಾನ ಮಡಚಿಗೊಳ್ತದ ಅಂದ್ಲು. ನಾನು ಕಟ್ಟಿ ಮ್ಯಾಲ ಕೂತಿದ್ದ ನಮ್ಮ ಯಜಮಾನರ ಕಡಿ ತಿರುಗಿದೆ.

"ಕೇಳಿಸ್ತೇನ್ರಿ? ಕಣ್ಣಿಗೆ ಕಾಣದಂಥಾದ್ದು ತಾನ ಮಡಚಿಗೊಳ್ತದಂತ. ನೀವು ಇಷ್ಟು ವರ್ಷದಾಗ ಒಂದು ಧೋತ್ರ ಮಡಚಿಲ್ಲ."

ಮಡಿ

ಹೊಸ ಸೀಸೆ ಕೊಟ್ಟು ಹೋಗುವಾಗ ಮೊಮ್ಮಗಳು, "ಅಜ್ಜಿ, ಅದರ ಮಡಿ ಕೆಡಬಾರದು ನೋಡು" ಅಂದ್ಲು. ಆಕಿ ಹೇಳಿದ್ದು ಮಡಚೋ ಮಡಿ. ನಾ ತಿಳಕೊಂಡದ್ದು ಜಳಕದ ಮಡಿ.

ಸೀಸೆನ ದೇವರ ಜಗಲಿ ಮ್ಯಾಲ ದೀಪದ ಮಗ್ಗಲಕ್ಕ ಇಟ್ಟೆ. ಮುಂಜಾನಿ ಸಂಜಿ ಜಳಕ ಮಾಡದ ಮುಟ್ಟಲಿಲ್ಲ. ಯಜಮಾನರು ಮಟನ್ ತಂದ ಕೈಲೆ ಮುಟ್ಟಾಕ ಬಂದ್ರ ಬೈದು ಹೊರಗ ಕಳಿಸಿದೆ. ದೀಪದ ಕಾವಿಗೆ ಸೀಸೆ ಬೆಚ್ಚಗಿರ್ತಿತ್ತು, ದೇವರ ಕೈ ಅದ ಅನಕೊಂಡೆ.

ಹದಿನೈದು ದಿನಕ್ಕ ರಾಯಚೂರಿಗೆ ಹೋಗಿ ತೋರಿಸಿದ್ರ ಶುಗರ್ ಇನ್ನಷ್ಟು ಏರಿತ್ತು. ಆಪರೇಷನ್ ಮುಂದಕ್ಕ ಹೋತು. ಆ ಕಣ್ಣು ಹಂಗ ಹೋದ್ರ ಹೆಂಗ ಅಂತ ಸೆರಗಿನಾಗ ಮಾರಿ ಮುಚ್ಚಿಗೊಂಡು ಬಸ್ಸಿನಾಗ ಅತ್ತೆ. ಸಂಗಾಟ ಬಂದಿದ್ದ ಮೊಮ್ಮಗಳು ಮನಿಯಾಗ ಕಾಲಿಟ್ಟಾಕಿ ಜಗಲಿ ನೋಡಿ ಅಲ್ಲೇ ಕುಂತ್ಲು.

"ಅಜ್ಜಿ, ದೇವರಿಗೂ ಶುಗರ್ ಬಂದದೇನು?"

ಗಡಿಗಿ

ಅಲ್ಲಿಂದ ಮುಂದ ಮತ್ತೊಂದು ಹೊಸ ಸೀಸೆ ತಂದು ಫ್ರಿಜ್ಜಿನ ಬಾಗಲದಾಗಿನ ಖಾನಿಯಾಗ ಇಟ್ಟೆ. ಶುಗರ್ ಇಳೀತು. ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಟ್ರು. ಕೆಂಡದಂಥಾ ಬಿಸಿಲು, ಬಸ್ಸಿನಾಗ ಔಷಧ ಒಯ್ಯೋದು ಹೆಂಗ? ಬಾಜು ಮನಿಯಾಗಿರೋ, ಕೈಬಳಿ ಮಾರೋ ಮುಸ್ಲಿಮರ ಖಾಲಾ, ಫಿಕರ್ ಮಾಡಬ್ಯಾಡ ಅಂತ ಹೇಳಿ, ಮಾನ್ವಿ ಸಂತಿಯಾಗ ತಂದ ಸಣ್ಣ ಮಣ್ಣಿನ ಗಡಿಗಿ ಕೊಟ್ಲು. ಒಳಗ ಹಸಿ ಉಸುಕು, ಅದರಾಗ ಪ್ಲಾಸ್ಟಿಕ್ ಚೀಲದಾಗಿನ ಸೀಸೆ, ಬಾಯಿಗೆ ತೋಯಿಸಿದ ಬಿಳಿ ಅರಿವಿ ಕಟ್ಟಿದ್ಲು. ಹೊಳಿಗೆ ಅಸ್ಥಿ ಬಿಡಾಕ ಒಯ್ಯೋ ಗಡಿಗಿ ಹಿಂಗ ಇರ್ತದ ಅನ್ನೋದು ಇಬ್ಬರಿಗೂ ಹೊಳೀಲಿಲ್ಲ.

ಯಜಮಾನರು ಎಮ್ಮಿ ಬಿಟ್ಟು ಬರಂಗಿರಲಿಲ್ಲ, ಒಬ್ಬಾಕಿನ ಬಸ್ ಹತ್ತಿದೆ. ತುಂಬಿದ ಬಸ್ಸು. ಒಬ್ಬರು ಎದ್ದು ಸೀಟು ಬಿಟ್ರು, ಗಡಿಗಿಗೆ ಕೈ ಮುಗಿದ್ರು. ಫೋನಿನಾಗ ಹಾಡು ಹಚ್ಚಿದಾವಗ ಕಂಡಕ್ಟರು ಬಂದ್ ಮಾಡು ಅಂದ. ಪ್ರೋಟೀನಿಗೆ ಮಂದಿ ಎಷ್ಟು ಮರ್ಯಾದಿ ಕೊಡ್ತಾರ ಅನಿಸ್ತು.

ಮಗ್ಗಲದಾಗಿನ ಹೆಣ್ಮಗಳು ಮೆಲ್ಲಕ, "ಯಾರದವ್ವಾ?" ಅಂದ್ಲು.

"ನಂದ ಯವ್ವಾ."

ಆಕಿ ಗಡಿಗಿ ನೋಡಿ, ಯಾವಾಗ ಹೋತು ಅಂತ ಕೇಳಿದ್ಲು.

"ಅರ್ಧ ಮುಂಜಾನಿ ಹೋಗ್ಯದ. ಉಳಿದದ್ದು ಸಂಜಿಗೆ."

ಆಕಿ ಎದ್ದು ಹೋಗಿ ಹಿಂದ ನಿಂತ್ಲು.

ಆಪರೇಷನ್ ಆತು. ಪಟ್ಟಿ ಬಿಚ್ಚಿದ ದಿನ ಮೊಮ್ಮಗಳ ಗಲ್ಲದ ಮ್ಯಾಲಿನ ಮಚ್ಚಿ ಸುದ್ದಾ ಕಂಡೆ. ಕಣ್ಣಾಗ ಪುಡಿ ಬೀಳ್ತದ, ಕುಂಕುಮ ಹಚ್ಚಬ್ಯಾಡ್ರಿ ಅಂದಿದ್ರು. ವಾರ ಬಿಟ್ಟು ಬರಿ ಹಣೀಲೆ, ಖಾಲಿ ಗಡಿಗಿ ಹಿಡಕೊಂಡು ಊರಿನ ಬಸ್ ಹತ್ತಿದ್ರ ಅದ ಕಂಡಕ್ಟರು. ನನ್ನ ನೋಡಿ ದನಿ ಇಳಿಸಿ, "ಎಲ್ಲಾ ಸುಸೂತ್ರ ಆತೇನ್ ಯವ್ವಾ?" ಅಂದ.

"ಆತಪ್ಪಾ. ಇಷ್ಟು ದಿನ ಎಲ್ಲಾ ಮಸುಕು ಮಸುಕು ಇತ್ತು. ಈಗ ನಿಚ್ಚಳ ಕಾಣಸಾಕತ್ತದ."

ಆತ ಉಸಿರು ಬಿಟ್ಟು ತಲಿ ಅಲ್ಲಾಡಿಸಿದ.

"ಹೌದು ಯವ್ವಾ. ಯಜಮಾನರು ಹೋದಮ್ಯಾಲ ನಮ್ಮವ್ವನೂ ಹಿಂಗ ಅಂದಿದ್ಲು."