ಹಗಲು ಕಥೆ ಮತ್ತು ಸೋದರಮಾವ

ನಾನು ಮೂಢನಂಬಿಕೆಗಳನ್ನು ನಂಬುವುದಿಲ್ಲ. ಆದರೆ ನಂಬದಿರುವುದಕ್ಕೂ ಎದೆಗಾರಿಕೆ ಬೇಕು. ಅದು ನನ್ನಲ್ಲಿ ಸ್ವಲ್ಪ ಕಡಿಮೆ. ಹಾಗಾಗಿ ಬಾಯಲ್ಲಿ ನಗುತ್ತ, ಹೊಟ್ಟೆಯೊಳಗೆ ಹೆದರುತ್ತ ದಿನ ದೂಡುತ್ತಿದ್ದೇನೆ.

ನಮ್ಮದು ಹನ್ನೂರಿನ ಕುರಿಗಾರರ ಮನೆತನ. ಹಗಲಲ್ಲಿ ಕಥೆ ಕೇಳಿದರೆ ಕೇಳಿದವರ ಸೋದರಮಾವ ದಾರಿ ತಪ್ಪುತ್ತಾನೆ ಎಂಬುದು ನಮ್ಮಲ್ಲಿಯ ನಂಬಿಕೆ. ಎಲ್ಲರೂ ಕಥೆಗೆ ಕೂತರೆ ಕುರಿ ಕಾಯುವವರು ಯಾರೆಂದು ಯಾವನೋ ಹಿರಿಯ ಹೂಡಿದ ಉಪಾಯವಿದು ಎಂದು ನಾನು ಕೆಲಸಕ್ಕಿರುವ ಸೊಲ್ಲಾಪುರದ ನವಿ ಪೇಠೆಯ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಡಿಸುತ್ತಲೇ ವಿವರಿಸಿದ್ದುಂಟು.

ಕಳೆದ ಭಾನುವಾರ ಅಕ್ಕಲಕೋಟೆಯ ಅಕ್ಕನ ಮನೆಯಿಂದ ಅವಳ ಮಗಳು ಗೌರಿಯನ್ನು ಸೊಲ್ಲಾಪುರಕ್ಕೆ ಸಿನಿಮಾ ತೋರಿಸಲು ಕರೆದುಕೊಂಡು ಹೊರಟೆ. ರಾಜಕುಮಾರ, ರಾಕ್ಷಸಿ ಎಲ್ಲರೂ ಈಗಿನ ಅಪಾರ್ಟ್‌ಮೆಂಟಿಗೆ ಬಾಡಿಗೆಗೆ ಬರುವ ಮರಾಠಿ ಚಿತ್ರ. ಮಧ್ಯಾಹ್ನದ ಆಟ. ಅಕ್ಕನ ಮನೆಯಲ್ಲೇ ಇದ್ದ ನಮ್ಮವ್ವ ಹೊಸ್ತಿಲಲ್ಲೇ ಅಡ್ಡಗಟ್ಟಿದಳು.

"ಹಗಲ ಹೊತ್ತಿನ್ಯಾಗ ರಾಜಾ ರಾಣಿ ಕತಿ ನೋಡಾಕ ಹೊಂಟೀಯೇನು? ಅಕಿ ಸೋದರಮಾವ ನೀನಽ ಅದೀ. ದಾರಿ ತಪ್ಪತೀ ನೋಡ!"

"ಅವ್ವಾ, ಅದು ಪಿಕ್ಚರ್. ಅಲ್ಲಿ ಯಾರೂ ಕತಿ ಹೇಳಂಗಿಲ್ಲ" ಎಂದು ನಕ್ಕೆ. ಗೌರಿಯನ್ನು ನನ್ನೊಬ್ಬನ ಜೊತೆ ಕಳಿಸುತ್ತಿದ್ದದ್ದು ಅದೇ ಮೊದಲು. ಅಕ್ಕನ ಮುಖ ಸಣ್ಣದಾಗಿತ್ತು. "ಕೂಸಿನ ಕೈ ಬಿಡಬ್ಯಾಡಪಾ" ಎಂದಳು.

ಪರದೆಯ ಮೇಲೆ ರಾಜಕುಮಾರ ಲಿಫ್ಟಿನಲ್ಲಿ ಸಿಕ್ಕಿಬಿದ್ದ. ಜನ ಹೊಟ್ಟೆ ಹಿಡಿದು ನಕ್ಕರು. ನನಗೆ ಮಾತ್ರ ಹೊರಬಾಗಿಲು ಎಡಕ್ಕೋ ಬಲಕ್ಕೋ ಎಂಬ ಚಿಂತೆ. ರಾಕ್ಷಸಿ ಬ್ಯೂಟಿ ಪಾರ್ಲರ್ ತೆರೆಯುವ ಹೊತ್ತಿಗೆ ನಾನು ಮನಸ್ಸಿನಲ್ಲೇ ಬಸ್ ನಿಲ್ದಾಣದತ್ತ ನಡೆಯುತ್ತಿದ್ದೆ. ದಿನಾ ಓಡಾಡುವ ದಾರಿ, ಆದರೂ ಒಂದು ತಿರುವು ನೆನಪಿಗೆ ಬಾರದೆ ಬೆವತುಹೋದೆ. ಈ ಮಗುವನ್ನು ಎಲ್ಲಿಯಾದರೂ ಕಳೆದುಕೊಂಡರೆ ಅಕ್ಕನಿಗೆ ಯಾವ ಮುಖ ತೋರಿಸಲಿ? ಗೌರಿಯೇನೋ ನನ್ನ ಪಕ್ಕ ಕದಲದೆ ಕೂತಿದ್ದಳು. ಚಿತ್ರದಲ್ಲಿ ಮುಳುಗಿದ್ದಾಳೆ ಅಂದುಕೊಂಡೆ.

ಆಟ ಮುಗಿದು ನಿಲ್ದಾಣಕ್ಕೆ ಬಂದ ಮೇಲೆ ಬಸ್ಸಿನ ಬೋರ್ಡು ಓದಿದೆ. ನಂಬಿಕೆ ಬರದೆ ಕಂಡಕ್ಟರನನ್ನು ಕೇಳಿದೆ. ಅವನ ಮೇಲೂ ನಂಬಿಕೆ ಸಾಲದೆ ಮುಂದಿನ ಸೀಟಿನ ಮುದುಕನನ್ನು ಕೇಳಿದೆ. "ಅಕ್ಕಲಕೋಟಲಾಚ್ ಜಾತೇ ಹೋ, ಬಸಾ ಆತಾ!" ಅಕ್ಕಲಕೋಟೆಗೇ ಹೋಗುತ್ತದೆ, ಇನ್ನು ಕೂತುಕೊಳ್ಳಿ ಎಂದು ಕಂಡಕ್ಟರ್ ಮರಾಠಿಯಲ್ಲಿ ರೇಗಿದ ಮೇಲೆಯೇ ಕೂತದ್ದು.

ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಅಕ್ಕ ಓಡಿಬಂದು ಮಗಳನ್ನು ಅಪ್ಪಿಕೊಂಡಳು. "ನೋಡವ್ವಾ, ದಾರಿ ತಪ್ಪಿದ್ನೇನು?" ಎಂದು ನಾನು ಮೀಸೆ ತಿರುವಿದೆ.

ಗೌರಿ ಅಜ್ಜಿಯ ಕಡೆ ತಿರುಗಿ, "ಹೆಂಗ ತಪ್ಪತಾನಬೇ ಆಯಿ? ನಾ ಪಿಕ್ಚರ್ ನೋಡೇ ಇಲ್ಲ. ಕಣ್ಣ ಮುಚ್ಚಿ, ಕಿವ್ಯಾಗ ಬೆರಳ ಇಟಗೊಂಡು ಕುಂತಿದ್ನಿ" ಎಂದಳು.

ನಾನು ಮೀಸೆಯಿಂದ ಕೈ ತೆಗೆದು ಅಲ್ಲೇ ಕೂತೆ. ಅಷ್ಟರಲ್ಲಿ ಅವಳು ನನ್ನ ತೊಡೆಯೇರಿ ಕೂತಿದ್ದಳು.

"ಈಗ ಹೊತ್ತು ಮುಳುಗೇತಿ ಮಾಮಾ. ಈಗ ಹೇಳು, ಏನಾತು ಪಿಕ್ಚರ್‌ದಾಗ?"

"ಒಬ್ಬ ರಾಜಕುಮಾರ ಇದ್ದ. ಲಿಫ್ಟಿನ್ಯಾಗ ಸಿಕ್ಕಬಿದ್ದ."

"ಹೌದಾ! ಹೊರಗ ಹೆಂಗ ಬಂದ?"

ನನಗೇನು ಗೊತ್ತು? ನನ್ನ ಮಟ್ಟಿಗೆ ಅವನು ಇನ್ನೂ ಅಲ್ಲೇ ಇದ್ದಾನೆ. ಅವನನ್ನು ಬಿಡಿಸಿಕೊಂಡು ಬರಲು ಮುಂದಿನ ಭಾನುವಾರ ಮತ್ತೆ ಹೋಗುತ್ತಿದ್ದೇವೆ. ಈ ಸಲ ಕತ್ತಲಾದ ಮೇಲಿನ ಆಟಕ್ಕೆ. ಮೂಢನಂಬಿಕೆಯಿಂದಲ್ಲ, ಸುಮ್ಮನೆ ತಂಪಿರುತ್ತದೆ ಅಂತ.